ಖಾಲಿ ಚೀಲ

ಬಂಗಾರಪೇಟೆ ಕಡೆಯಿಂದ ಬರುವ ಬೆಳಗಿನ ರೈಲಿನಿಂದ ನಮ್ಮ ಬೈಯಪ್ಪನಹಳ್ಳಿಯಲ್ಲಿ ಇಳಿಯುವವರು ಎರಡೇ ಬಗೆ, ಕೆಲಸಕ್ಕೆ ಬಂದವರು ಮತ್ತು ಆಸ್ಪತ್ರೆಗೆ ಬಂದವರು ಎಂದು ನಮ್ಮತ್ತೆ ಹೇಳುತ್ತಿದ್ದರು. ಕೆಲಸಕ್ಕೆ ಬಂದವರ ಕೈಯಲ್ಲಿ ಊಟದ ಡಬ್ಬಿ, ಆಸ್ಪತ್ರೆಗೆ ಬಂದವರ ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಸುತ್ತಿಟ್ಟ ಸ್ಕ್ಯಾನಿಂಗ್ ಕಾಗದ. ಅಂಥದೊಂದು ಕವರು ಹಿಡಿದು ಒಂದು ದಿನ ನನ್ನ ವಾರಗಿತ್ತಿ ಬಂದಳು. ನನ್ನ ಮೈದುನನ ಹೆಂಡತಿ. ಟೇಕಲ್ ಹತ್ತಿರದ ಹಳ್ಳಿಯಲ್ಲಿ ಮೂರು ಎಕರೆ ಹೊಲ, ಒಂದು ಹಸು, ರೇಷ್ಮೆಹುಳು ಸಾಕಣೆ. ವಯಸ್ಸು ಮೂವತ್ತೆಂಟು. ಮಗ ಪಾಲಿಟೆಕ್ನಿಕ್, ಮಗಳು ಒಂಬತ್ತನೆಯ ಕ್ಲಾಸು.

ಕಾಫಿ ಕುಡಿದ ಲೋಟವನ್ನು ತಾನೇ ತೊಳೆದಿಟ್ಟು ಬಂದು, ಗಂಡಸರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕವರು ಬಿಚ್ಚಿದಳು. ಒಂದು ವರ್ಷದಿಂದ ಮುಟ್ಟು ಸರಿಯಿಲ್ಲ, ಒಮ್ಮೆ ಶುರುವಾದರೆ ಹತ್ತು ಹನ್ನೆರಡು ದಿನ ನಿಲ್ಲುವುದಿಲ್ಲ, ಬಿಳಿ ಸೆರಗು ಬೇರೆ, ಸೊಂಟ ನೋವು. ಊರ ಕಡೆಯ ಒಂದು ನರ್ಸಿಂಗ್ ಹೋಮಿಗೆ ತೋರಿಸಿದ್ದಾಳೆ. ಸ್ಕ್ಯಾನಿಂಗ್ ಮಾಡಿದವರು ಐದೇ ನಿಮಿಷದಲ್ಲಿ ತೀರ್ಮಾನ ಹೇಳಿಬಿಟ್ಟಿದ್ದಾರೆ. ‘ಎರಡು ಮಕ್ಕಳಾಗಿವೆ, ಮಕ್ಕಳಾಗದ ಆಪರೇಷನ್ನೂ ಆಗಿದೆ. ಇನ್ನು ಆ ಚೀಲ ಇಟ್ಟುಕೊಂಡು ಏನಮ್ಮ ಮಾಡ್ತೀಯ? ತೆಗೆಸಿಬಿಡು. ಮುಂದೆ ಕ್ಯಾನ್ಸರ್ ಆದರೆ ನಮ್ಮನ್ನ ಕೇಳಬೇಡ.’ ನಲವತ್ತು ಸಾವಿರ ಹೊಂದಿಸಿಕೊಂಡು ಮುಂದಿನ ವಾರ ಬಾ ಎಂದಿದ್ದಾರಂತೆ. ಹಸು ಮಾರುವ ಮಾತೂ ಮನೆಯಲ್ಲಿ ನಡೆದಿದೆ.

‘ಅವರು ಹೇಳೋದೂ ಸರಿ ಅಲ್ವಾ ಅಕ್ಕ? ಖಾಲಿ ಚೀಲ. ಇದ್ದರೆಷ್ಟು ಬಿಟ್ಟರೆಷ್ಟು?’ ಎಂದಳು.

ಆ ಮಾತಿಗೆ ತಟ್ಟನೆ ಉತ್ತರ ಕೊಡಲು ನನಗೆ ಆಗಲಿಲ್ಲ. ಅವಳ ಕಾಯಿಲೆಯ ವಿಷಯ ಹೇಳಲು ನಾನು ಡಾಕ್ಟರಲ್ಲ. ಆದರೆ ‘ಖಾಲಿ ಚೀಲ’ ಎಂಬ ಆ ಎರಡು ಶಬ್ದ ಮಾತ್ರ ಇಡೀ ದಿನ ಕಿವಿಯಲ್ಲಿ ಕೂತುಬಿಟ್ಟಿತು. ತರಕಾರಿ ಹೆಚ್ಚುವಾಗ, ಬಟ್ಟೆ ಒಣಗಿ ಹಾಕುವಾಗ ಅದೇ ಯೋಚನೆ. ತನ್ನ ಮೈಯ ಒಂದು ಭಾಗವನ್ನು ಹೆಣ್ಣೊಬ್ಬಳು ದಿನಸಿ ತಂದಾದ ಮೇಲೆ ಬಾಗಿಲ ಹಿಂದಿನ ಮೊಳೆಗೆ ನೇತುಹಾಕುವ ಚೀಲದಂತೆ ನೋಡುವ ಹಾಗಾಗಿದ್ದು ಹೇಗೆ? ಅದನ್ನು ಆ ಡಾಕ್ಟರು ಒಬ್ಬರೇ ಕಲಿಸಿದರೇ, ಅಥವಾ ನಾವೆಲ್ಲ ಸೇರಿ ಮೊದಲೇ ಕಲಿಸಿಟ್ಟಿದ್ದೆವೇ?

ಯೋಚಿಸಿದರೆ ಎರಡನೆಯದೇ ನಿಜವೆನಿಸುತ್ತದೆ. ನಾನು ಮದುವೆಯಾಗಿ ಬಂದಾಗ ನಾವಿದ್ದದ್ದು ನಾಗವಾರಪಾಳ್ಯದ ಕಡೆಯ ಒಂದು ವಠಾರದಲ್ಲಿ. ಎನ್‌ಜಿಇಎಫ್ ಕಾರ್ಖಾನೆ ಇನ್ನೂ ನಡೆಯುತ್ತಿದ್ದ ಕಾಲ. ಅದು 2002ರಲ್ಲಿ ಮುಚ್ಚಿತು, ಆದರೂ ನಮ್ಮ ಕಡೆ ಜನ ಇವತ್ತಿಗೂ ದಾರಿ ಹೇಳುವಾಗ ಅದರ ಹೆಸರನ್ನೇ ಹೇಳುತ್ತಾರೆ. ವಸ್ತು ಹೋದರೂ ಹೆಸರು ಹೋಗುವುದಿಲ್ಲ. ವಠಾರಕ್ಕೆಲ್ಲ ಒಂದೇ ನಲ್ಲಿ. ಕೊಡ ಸಾಲಿಗಿಟ್ಟು ಕಾಯುವ ಹೊತ್ತಿನಲ್ಲಿ ನಾಲ್ಕು ಭಾಷೆಯ ಹೆಂಗಸರು ಸೇರಿ ಆಡುತ್ತಿದ್ದ ಮಾತುಗಳಲ್ಲಿ ಅರ್ಧ ಅಡಿಗೆಯವು, ಅರ್ಧ ಕಾಯಿಲೆಯವು. ತಮಿಳಿನ ಅಕ್ಕ ‘ಗರ್ಭಪ್ಪೈ’ ಎನ್ನುತ್ತಿದ್ದಳು. ಪೈ ಎಂದರೆ ಚೀಲ. ಚಿತ್ತೂರಿನ ಕಡೆಯ ತೆಲುಗಿನವಳು ‘ಗರ್ಭಸಂಚಿ’ ಎನ್ನುವಳು. ಸಂಚಿ ಎಂದರೂ ಚೀಲವೇ, ನಮ್ಮ ಎಲೆಅಡಿಕೆ ಸಂಚಿಯ ಹಾಗೆ. ಮೂಲೆಮನೆಯ ಸಾಬರ ಹೆಂಗಸು ಹೇಳುತ್ತಿದ್ದುದು ‘ಬಚ್ಚೇದಾನಿ’. ಅಗರಬತ್ತಿ ಇಡುವುದು ಅಗರದಾನಿ, ಮಗು ಇಡುವುದು ಬಚ್ಚೇದಾನಿ. ನಾವು ಕನ್ನಡದವರು ‘ಗರ್ಭಚೀಲ’ ಎನ್ನುತ್ತಿದ್ದೆವು. ನೀರಿನ ಸಾಲಿಗಾಗಿ ಜಗಳವಾಡುವಾಗ ಒಬ್ಬರ ಭಾಷೆ ಒಬ್ಬರಿಗೆ ಅರ್ಥವಾಗುತ್ತಿರಲಿಲ್ಲ. ಆದರೆ ಈ ಒಂದು ವಿಷಯದಲ್ಲಿ ನಾಲ್ಕು ಭಾಷೆಯೂ ಒಂದೇ ಮಾತು ಹೇಳುತ್ತಿದ್ದವು. ಅದು ಏನನ್ನೋ ಹಾಕಿಡುವ ಪಾತ್ರೆ, ಹಾಕಿಡುವ ವಸ್ತು ಮಗು.

ಇದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ಪಿತ್ತ ಇರುವುದು ಪಿತ್ತಕೋಶ, ಮೂತ್ರ ಇರುವುದು ಮೂತ್ರಕೋಶ, ಹಾಗೆಯೇ ಗರ್ಭ ಇರುವುದು ಗರ್ಭಕೋಶ. ಹೆಸರಿಡುವವರು ಎಲ್ಲಕ್ಕೂ ಒಂದೇ ನ್ಯಾಯ ಮಾಡಿದ್ದಾರಲ್ಲ? ನಾನೂ ಹಾಗೇ ಅಂದುಕೊಂಡು ಸಮಾಧಾನ ಪಡಲು ನೋಡಿದೆ. ಆದರೆ ಒಂದು ವ್ಯತ್ಯಾಸ ಕಂಡಿತು. ಪಿತ್ತ ನನ್ನದು, ನಾನು ಉಂಡದ್ದನ್ನು ಅರಗಿಸಲು ಅದು ಬೇಕು. ಮೂತ್ರವೂ ನನ್ನದೇ. ಈ ಒಂದು ಅಂಗಕ್ಕೆ ಮಾತ್ರ ಮನೆಯ ಯಜಮಾನಿಯ ಹೆಸರಿಲ್ಲ, ಯಾವಾಗಲೋ ಒಂಬತ್ತು ತಿಂಗಳು ಬಂದಿದ್ದು ಹೋಗುವ ನೆಂಟನ ಹೆಸರು. ನೆಂಟ ಬಂದಾಗ ಮನೆ ತುಂಬಿತು. ಹೋದಮೇಲೆ ಖಾಲಿಯಾಯಿತು. ಎಂದೂ ಬಾರದಿದ್ದರೆ?

ಇಲ್ಲಿ ನನಗೆ ನನ್ನ ಚಿಕ್ಕಮ್ಮ ನೆನಪಾಗುತ್ತಾಳೆ. ಮದುವೆಯಾಗದೆ ಉಳಿದವಳು, ಪ್ರೈಮರಿ ಸ್ಕೂಲ್ ಮೇಡಮ್ಮು. ಹದಿಮೂರರಿಂದ ಐವತ್ತರವರೆಗೆ ತಿಂಗಳು ತಪ್ಪದೆ ಹೊಟ್ಟೆ ನೋವು ಅನುಭವಿಸಿದಳು, ಮೂರು ದಿನ ಬೇರೆ ಚಾಪೆಯಲ್ಲಿ ಮಲಗಿದಳು, ಬಿಸಿನೀರಿನ ಬಾಟಲಿ ಹೊಟ್ಟೆಗಿಟ್ಟುಕೊಂಡೇ ಪರೀಕ್ಷೆಯ ಪೇಪರು ತಿದ್ದಿದಳು. ಆ ಮೂವತ್ತೇಳು ವರ್ಷದ ನೋವು ಅವಳದೇ ಅಲ್ಲವೇ? ಆದರೆ ಅವಳಲ್ಲಿದ್ದ ಅಂಗದ ಹೆಸರೇ ಹೇಳುತ್ತದೆ, ಅದು ಅವಳಿಗಾಗಿ ಇದ್ದದ್ದಲ್ಲ, ಬಾರದೇ ಹೋದ ಯಾರಿಗಾಗಿಯೋ ಇದ್ದದ್ದು ಎಂದು. ‘ಪಾಪ, ಉಪಯೋಗಕ್ಕೆ ಬರಲಿಲ್ಲ’ ಎಂದು ನಮ್ಮ ನೆಂಟರೊಬ್ಬರು ಅವಳ ಬೆನ್ನ ಹಿಂದೆ ಅಂದದ್ದನ್ನು ನಾನು ಕೇಳಿದ್ದೇನೆ. ಅಂಗದ ಬಗ್ಗೆ ಅಂದರೋ, ಅವಳ ಬಗ್ಗೆಯೇ ಅಂದರೋ ತಿಳಿಯಲಿಲ್ಲ. ಅಂದವರಿಗೂ ಆ ವ್ಯತ್ಯಾಸ ತಿಳಿದಿರಲಾರದು.

ನನಗೆ ಮೊದಲಿನಿಂದಲೂ ಒಂದು ಚಟ. ಯಾವುದಾದರೂ ಶಬ್ದ ಹೀಗೆ ಕಾಡಿದರೆ ನಿಘಂಟು ತೆಗೆದು ಕೂಡುವುದು. ಆ ರಾತ್ರಿಯೂ ಕೂತೆ. ಸಂಸ್ಕೃತದ ‘ಗರ್ಭ’ ಎಂಬುದನ್ನು ನಿಘಂಟುಗಳು ‘ಹಿಡಿ, ಸ್ವೀಕರಿಸು’ ಎಂಬ ಅರ್ಥದ ಧಾತುವಿಗೆ ಜೋಡಿಸುತ್ತವೆ. ಆ ಶಬ್ದಕ್ಕೆ ಒಳಗಿನ ಶಿಶು ಎಂದೂ ಅರ್ಥ, ಶಿಶುವನ್ನು ಹಿಡಿದ ಜಾಗ ಎಂದೂ ಅರ್ಥ. ಅಷ್ಟೇ ಅಲ್ಲ, ಯಾವುದೇ ವಸ್ತುವಿನ ಒಳಗಿನ ಒಳಗು ಎಂಬ ಅರ್ಥವೂ ಇದೆ. ಆದ್ದರಿಂದಲೇ ನಾವು ಭೂಗರ್ಭ ಎನ್ನುತ್ತೇವೆ, ಸಮುದ್ರಗರ್ಭ ಎನ್ನುತ್ತೇವೆ, ದೇವಸ್ಥಾನದ ಒಳಗಿನ ಕೋಣೆಯನ್ನು ಗರ್ಭಗುಡಿ ಎನ್ನುತ್ತೇವೆ. ‘ಕೋಶ’ವೂ ಬರೀ ಚೀಲವಲ್ಲ. ರಾಜನ ಖಜಾನೆ ಕೋಶ, ಕತ್ತಿಯ ಒರೆ ಕೋಶ, ಶಬ್ದಗಳನ್ನು ಕೂಡಿಟ್ಟ ಪುಸ್ತಕ ಕೋಶ. ರೇಷ್ಮೆಹುಳುವಿನ ಗೂಡೂ ಕೋಶ. ಅದರಿಂದಲೇ ರೇಷ್ಮೆ ಬಟ್ಟೆಗೆ ಕೌಶೇಯ ಎಂದು ಹೆಸರು. ಇದನ್ನು ಓದಿದಾಗ ಒಳಗಿನ ಕೋಣೆಯಲ್ಲಿ ಮಲಗಿದ್ದ ವಾರಗಿತ್ತಿಯ ನೆನಪಾಗಿ ನಗು ಬಂತು. ರೇಷ್ಮೆಗೂಡಿನ ಬೆಲೆ ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಹುಳು ಗೂಡು ಕಟ್ಟುವುದು ತನಗಾಗಿ. ಮಾರ್ಕೆಟ್ಟಿನಲ್ಲಿ ಅದಕ್ಕೆ ಬೆಲೆ ಕಟ್ಟುವುದು ಮಾತ್ರ ಎಷ್ಟು ನೂಲು ಬಂದೀತು ಎಂದು ನೋಡಿ.

ಆಯುರ್ವೇದದವರು ಇನ್ನೊಂದು ಹೆಸರು ಬಳಸುತ್ತಾರೆ, ಗರ್ಭಾಶಯ. ಆಶಯ ಎಂದರೆ ಅಲ್ಲಿ ತಂಗುವ ಜಾಗ. ಸುಶ್ರುತ ಸಂಹಿತೆಯಲ್ಲಿ ಎಲ್ಲರ ಮೈಯಲ್ಲೂ ಏಳು ಆಶಯಗಳನ್ನು ಎಣಿಸಿ, ಹೆಂಗಸರಿಗೆ ಎಂಟನೆಯದೊಂದು ಹೆಚ್ಚು ಎಂದು ಇದನ್ನು ಸೇರಿಸಿದ್ದಾರೆ. ಆದರೆ ಕನ್ನಡದಲ್ಲಿ ಆಶಯ ಎಂದರೆ ಮನಸ್ಸಿನ ಬಯಕೆ, ಉದ್ದೇಶ ಎಂದೂ ಆಗುತ್ತದೆ. ಆ ಅಂಗದ ವಿಷಯದಲ್ಲಿ ಅದನ್ನು ಹೊತ್ತವಳ ಆಶಯವೇನು ಎಂದು ಕೇಳುವ ರೂಢಿ ಮಾತ್ರ ನಮ್ಮಲ್ಲಿ ಕಡಿಮೆ.

ಹುಡುಕುತ್ತ ಹೋದಾಗ ಸಿಕ್ಕಿದ ಅಚ್ಚಗನ್ನಡದ ಶಬ್ದ ‘ಬಸಿರು’. ಈಗ ನಾವು ಅದನ್ನು ಗರ್ಭಿಣಿಯಾಗುವುದಕ್ಕೆ ಮಾತ್ರ ಬಳಸುತ್ತೇವೆ. ಹಳಗನ್ನಡದಲ್ಲಿ ಅದಕ್ಕೆ ಮೊದಲ ಅರ್ಥ ಹೊಟ್ಟೆ. ಗಂಡಸಿಗೂ ಬಸಿರು ಇತ್ತು, ಹೆಂಗಸಿಗೂ ಇತ್ತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲರ ನಿಘಂಟಿನಲ್ಲೂ ಹೊಟ್ಟೆ ಎಂಬ ಅರ್ಥವಿದೆ. ನಮ್ಮ ವಠಾರದ ತಮಿಳಿನ ಅಕ್ಕ ಹೊಟ್ಟೆ ನೋವಾದರೆ ‘ವಯಿರು’ ನೋಯುತ್ತದೆ ಎನ್ನುತ್ತಿದ್ದಳಲ್ಲ, ಆ ವಯಿರೂ ನಮ್ಮ ಬಸಿರೂ ಒಂದೇ ಬೇರಿನವು. ತಮಿಳಿನ ಉಯಿರ್ ನಮ್ಮಲ್ಲಿ ಉಸಿರು, ಪೆಯರ್ ನಮ್ಮಲ್ಲಿ ಹೆಸರು, ವಯಿರು ನಮ್ಮಲ್ಲಿ ಬಸಿರು. ಇಂಗ್ಲಿಷಿನ ‘ವೂಂಬ್’ ಎಂಬುದಕ್ಕೂ ಹಳೆಯ ಕಾಲದಲ್ಲಿ ಹೊಟ್ಟೆ ಎಂದೇ ಅರ್ಥವಿತ್ತಂತೆ. ಸಹೋದರ ಎಂಬಲ್ಲಿಯೂ ಇರುವುದು ಉದರ, ಅಂದರೆ ಹೊಟ್ಟೆಯೇ. ‘ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು’ ಎನ್ನುತ್ತೇವೆಯೇ ಹೊರತು ಒಂದೇ ಚೀಲದಲ್ಲಿ ಹುಟ್ಟಿದವರು ಎನ್ನುವುದಿಲ್ಲ.

ಇದು ನನಗೆ ದೊಡ್ಡ ಸಮಾಧಾನ ತಂದಿತು. ಹೊಟ್ಟೆ ಎಂದಾಗ ಅದು ನನ್ನದು. ಹಸಿವಾಗುವುದೂ ಅಲ್ಲೇ, ಉರಿಯುವುದೂ ಅಲ್ಲೇ, ಮಕ್ಕಳ ತಪ್ಪನ್ನು ಹಾಕಿಕೊಳ್ಳುವುದೂ ಅಲ್ಲೇ. ಅದರಲ್ಲಿ ಮಗು ಬೆಳೆದರೆ ನನ್ನ ಹೊಟ್ಟೆಯಲ್ಲಿ ಬೆಳೆಯಿತು. ಬೆಳೆಯದಿದ್ದರೆ ಹೊಟ್ಟೆ ಹೊಟ್ಟೆಯೇ. ಅದನ್ನು ಖಾಲಿ ಎಂದು ಯಾರೂ ಕಿತ್ತೆಸೆಯುವುದಿಲ್ಲ, ಖಾಲಿಯಾದರೆ ಊಟ ಹಾಕುತ್ತಾರೆ.

ಹೆಸರಿನಲ್ಲೇನಿದೆ, ಬರೀ ಶಬ್ದ ಎನ್ನುವವರಿಗೆ ಗ್ರೀಸ್ ದೇಶದ ಕಥೆ ಹೇಳಬೇಕು. ಅಲ್ಲಿ ಈ ಅಂಗಕ್ಕೆ ‘ಹಿಸ್ಟೆರಾ’ ಎಂಬ ಹೆಸರಿತ್ತು. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಅಲ್ಲಿನ ದೊಡ್ಡ ತತ್ವಜ್ಞಾನಿ ಪ್ಲೇಟೋ ಸಹ, ಇದು ಮಗುವಿಗಾಗಿ ಹಂಬಲಿಸುವ ಒಂದು ಪ್ರಾಣಿ, ಬಹುಕಾಲ ಮಗುವಿಲ್ಲದೆ ಇದ್ದರೆ ಸಿಟ್ಟಾಗಿ ಮೈಯೊಳಗೆಲ್ಲ ಅಲೆದು ಉಸಿರು ಕಟ್ಟಿಸುತ್ತದೆ ಎಂಬ ಅರ್ಥದಲ್ಲಿ ಬರೆದಿದ್ದಾನೆ. ಆ ಹೆಸರಿನಿಂದಲೇ ‘ಹಿಸ್ಟೀರಿಯಾ’ ಎಂಬ ಕಾಯಿಲೆಯ ಹೆಸರು ಹುಟ್ಟಿತು. ಅತ್ತರೆ ಹಿಸ್ಟೀರಿಯಾ, ಕೂಗಾಡಿದರೆ ಹಿಸ್ಟೀರಿಯಾ, ಸುಮ್ಮನೆ ಕೂತರೂ ಅದೇ. ಮದುವೆ ಮಾಡಿದರೆ ಸರಿಹೋಗುತ್ತದೆ ಎಂಬುದು ಔಷಧ. ನಮ್ಮ ಕಡೆಯೂ ಈ ಔಷಧವನ್ನು ಕೇಳದವರಾರು? ಅಮೆರಿಕದ ಮನೋವೈದ್ಯರು ತಮ್ಮ ಕಾಯಿಲೆಗಳ ಅಧಿಕೃತ ಪಟ್ಟಿಯಿಂದ ಆ ಹೆಸರನ್ನು ಕೈಬಿಟ್ಟದ್ದು 1980ರಲ್ಲಿ. ಅಂದರೆ ಅಂಗ ಅಲೆಯುವುದಿಲ್ಲ ಎಂದು ಶರೀರವನ್ನು ಬಿಚ್ಚಿ ನೋಡಿದವರಿಗೆ ತಿಳಿದು ಎಷ್ಟೋ ಶತಮಾನಗಳಾದ ಮೇಲೂ ಹೆಸರು ಮಾತ್ರ ಅಲೆಯುತ್ತಲೇ ಇತ್ತು. ಈಗಲೂ ಇದನ್ನು ತೆಗೆಯುವ ಆಪರೇಷನ್ನಿಗೆ ‘ಹಿಸ್ಟೆರೆಕ್ಟಮಿ’ ಎಂದೇ ಹೆಸರು.

ಇನ್ನು ನಮ್ಮ ಕಾಲದ, ನಮ್ಮ ನಾಡಿನ ಮಾತು. 2015ರಲ್ಲಿ ಕಲಬುರಗಿ ಜಿಲ್ಲೆಯಿಂದ ಒಂದು ಸುದ್ದಿ ಬಂತು. ಬಿಳಿ ಸೆರಗು, ಹೊಟ್ಟೆ ನೋವು ಎಂದು ಹೋದ ಬಡ ಹೆಂಗಸರಿಗೆ, ಅವರಲ್ಲೂ ತಾಂಡಾಗಳ ಲಂಬಾಣಿ ಹೆಂಗಸರಿಗೆ, ಕ್ಯಾನ್ಸರ್ ಭಯ ಹುಟ್ಟಿಸಿ ಗರ್ಭಕೋಶ ತೆಗೆಯಲಾಗಿತ್ತು. ಮಹಿಳಾ ಸಂಘಟನೆಗಳು ಎತ್ತಿದ ದನಿಗೆ ಸರ್ಕಾರ ತನಿಖೆ ಮಾಡಿಸಿತು. ಎರಡೂವರೆ ವರ್ಷಗಳಲ್ಲಿ ಎರಡು ಸಾವಿರಕ್ಕೂ ಮೇಲ್ಪಟ್ಟು ಇಂಥ ಆಪರೇಷನ್ನುಗಳ ಲೆಕ್ಕ ಸಿಕ್ಕಿತು. ಎಷ್ಟೋ ಜನರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಕೆಲವು ಆಸ್ಪತ್ರೆಗಳ ಪರವಾನಗಿ ರದ್ದಾಯಿತು. ಪಕ್ಕದ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ 2019ರಲ್ಲಿ ಸರ್ಕಾರದ ಸಮಿತಿಯೊಂದು ಕಬ್ಬು ಕಡಿಯುವ ಸುಮಾರು 82 ಸಾವಿರ ಹೆಂಗಸರನ್ನು ವಿಚಾರಿಸಿದಾಗ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಮುಟ್ಟಿನ ದಿನ ಕೆಲಸ ತಪ್ಪಿದರೆ ಕೂಲಿ ಹೋಗುತ್ತದೆ, ಮೇಲೆ ದಂಡ ಬೇರೆ ಬೀಳುತ್ತದೆ. ಮುಟ್ಟೇ ಇಲ್ಲವಾದರೆ ಗುತ್ತಿಗೆದಾರನಿಗೂ ಅನುಕೂಲ. ಕಡೆಗೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟು, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಸರ್ಕಾರ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಎಲ್ಲ ರಾಜ್ಯಗಳಿಗೂ ಹೇಳಬೇಕಾಯಿತು.

ಇದಕ್ಕೆಲ್ಲ ಹಣದಾಸೆ ಕಾರಣ, ಬಡತನ ಕಾರಣ, ಹಳ್ಳಿಗಳಲ್ಲಿ ಒಳ್ಳೆಯ ಸರ್ಕಾರಿ ಡಾಕ್ಟರು ಸಿಗದಿರುವುದು ಕಾರಣ. ಅದೆಲ್ಲ ನಿಜ. ಆದರೆ ಆ ಸಾವಿರಾರು ಹೆಂಗಸರು ‘ಆಗಲಿ’ ಎಂದು ಹೆಬ್ಬೆಟ್ಟು ಒತ್ತಿದ್ದು ಹೇಗೆ? ಅದೇ ಡಾಕ್ಟರು ‘ಎಡಗೈ ಬೆರಳು ನೋಯುತ್ತದಲ್ಲ, ಬಲಗೈ ಇದೆ, ಕತ್ತರಿಸಿಬಿಡೋಣ’ ಎಂದಿದ್ದರೆ ಎದ್ದು ಬರುತ್ತಿದ್ದರು. ಬೆರಳು ತಮ್ಮದೆಂದು ಅವರಿಗೆ ಗೊತ್ತು. ಇದು ಚೀಲ, ಕೆಲಸ ಮುಗಿದಿದೆ, ಇನ್ನು ರಗಳೆ ಮಾತ್ರ ಎಂದು ಎಲ್ಲ ಭಾಷೆಗಳೂ ಹೇಳಿಕೊಟ್ಟಿದ್ದವು. ಮೋಸಗಾರನಿಗೆ ಹೊಸ ಸುಳ್ಳು ಹುಟ್ಟಿಸುವ ಕಷ್ಟವೇ ಇರಲಿಲ್ಲ.

ಹಾಗೆಂದು ಚೀಲವೆನ್ನುವುದನ್ನು ಬಿಟ್ಟು ಅದನ್ನು ದೇವರ ಮಂಟಪಕ್ಕೆ ಏರಿಸೋಣವೇ? ನಮ್ಮಲ್ಲಿ ಅದೂ ನಡೆದಿದೆ. ತಾಯ ಗರ್ಭ ಗರ್ಭಗುಡಿ, ಅಲ್ಲಿ ದೇವರು ಮಲಗಿದ್ದಾನೆ ಎಂದು ಭಾಷಣ ಮಾಡುವವರನ್ನು ಕೇಳಿದ್ದೇವೆ. ಕೇಳಲು ಚೆಂದ. ಆದರೆ ಗರ್ಭವಿರುವ ಹೆಂಗಸು ಆ ಮೂರು ದಿನ ದೇವಸ್ಥಾನದ ಮೆಟ್ಟಿಲನ್ನೂ ಹತ್ತುವುದಿಲ್ಲ. ಚೀಲ ಎನ್ನುವವನೂ ಗುಡಿ ಎನ್ನುವವನೂ ಒಂದೇ ತಕ್ಕಡಿ ಹಿಡಿದಿದ್ದಾರೆ ಎಂದು ನನಗೆ ಅನಿಸುತ್ತದೆ. ಇಬ್ಬರೂ ಬೆಲೆ ಕಟ್ಟುವುದು ಒಳಗಿರುವ ಮಗುವಿಗೆ. ಮಗುವಿದ್ದರೆ ಗುಡಿ, ಇಲ್ಲದಿದ್ದರೆ ಚೀಲ. ನನ್ನ ಚಿಕ್ಕಮ್ಮನಿಗೆ ಎರಡರಲ್ಲೂ ಜಾಗವಿಲ್ಲ.

ಪ್ರಶ್ನೆ ಇರುವುದು ಇಲ್ಲಿ. ಒಂದು ವಸ್ತುವಿನ ಬೆಲೆ ಅದರ ಉಪಯೋಗ ಎಂದು ನಾವು ದಿನವೂ ನಡೆದುಕೊಳ್ಳುತ್ತೇವೆ. ಹರಿದ ಜರಡಿ, ತೂತಾದ ಬಕೆಟ್ಟು ಗುಜರಿಗೆ ಹೋಗುತ್ತದೆ. ಅದು ತಪ್ಪಲ್ಲ. ಆದರೆ ಮನುಷ್ಯರ ಮೈಗೆ ಆ ಲೆಕ್ಕ ಹಾಕಬಹುದೇ? ಮೈಯ ಒಂದು ಭಾಗಕ್ಕೆ ಹಾಕಲು ಒಪ್ಪಿದರೆ ಇಡೀ ಮೈಗೆ ಹಾಕುವುದು ಎಷ್ಟು ಹೊತ್ತಿನ ಮಾತು? ಹೆರುವ ಕೆಲಸ ಮುಗಿದ ಅಂಗ ಬೇಡವೆಂದ ಮೇಲೆ, ಬೇಯಿಸಿ ಬಡಿಸುವ ಕೆಲಸ ಮುಗಿದ ಅಜ್ಜಿ ಬೇಡವೆನ್ನುವುದೂ ಅದೇ ವ್ಯಾಕರಣ. ಮನೆಯ ಮೂಲೆಯ ಮಂಚದಲ್ಲಿ ಕೂತ ಎಷ್ಟು ಮಂದಿ ಮುದುಕಿಯರು ‘ನಾನು ಇನ್ನು ಯಾಕೆ ಇರಬೇಕು, ಯಾರಿಗೆ ಉಪಯೋಗ’ ಎನ್ನುವುದನ್ನು ನಾವು ಕೇಳಿಲ್ಲ? ಅವರಿಗೆ ಆ ಮಾತು ಯಾರು ಕಲಿಸಿದರು?

ಇದನ್ನು ಹೇಳುವಾಗ ನ್ಯಾಯವನ್ನೂ ಹೇಳಬೇಕು. ಆಪರೇಷನ್ನೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ನಮ್ಮತ್ತೆಗೆ ಅರವತ್ತರ ಮೇಲೆ ಗರ್ಭಕೋಶ ಜಾರಿ, ಕೂತರೆ ನಿಂತರೆ ಹಿಂಸೆಯಾಗಿ, ನಾಚಿಕೆಯಿಂದ ಎರಡು ವರ್ಷ ಯಾರಿಗೂ ಹೇಳದೆ ಬಟ್ಟೆ ಕಟ್ಟಿಕೊಂಡು ಓಡಾಡಿದ್ದರು. ತೆಗೆಸಿದ ಮೇಲೆ ‘ಮತ್ತೆ ಮನುಷ್ಯಳಾದೆ ಕಣೇ’ ಎಂದರು. ಕ್ಯಾನ್ಸರ್ ಇದ್ದರೆ, ದೊಡ್ಡ ಗಡ್ಡೆಗಳು ಬೇರೆ ಮದ್ದಿಗೆ ಬಗ್ಗದಿದ್ದರೆ, ಹೆರಿಗೆಯಲ್ಲಿ ರಕ್ತ ನಿಲ್ಲದಿದ್ದರೆ, ಇದೇ ಆಪರೇಷನ್ನು ಪ್ರಾಣ ಉಳಿಸುತ್ತದೆ. ತೆಗೆಸಿಕೊಂಡವಳು ಹೆಣ್ಣಾಗಿ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಅವಳ ಬೆಲೆಯೂ ಆ ಅಂಗದಲ್ಲಿ ಇಲ್ಲ. ನನ್ನ ತಕರಾರು ಇರುವುದು ಕಾರಣದ ಬಗ್ಗೆ. ‘ನಿನಗೆ ನೋವಾಗುತ್ತಿದೆ, ಬೇರೆ ದಾರಿಗಳನ್ನು ನೋಡಿಯಾಯಿತು, ಇದೊಂದೇ ಉಳಿದದ್ದು’ ಎಂಬುದು ಕಾರಣ. ‘ನಿನ್ನಿಂದ ಆಗಬೇಕಾದದ್ದು ಆಯಿತು’ ಎಂಬುದು ಕಾರಣವಲ್ಲ. ಮೊದಲನೆಯದು ಅವಳನ್ನು ನೋಡಿ ಹೇಳಿದ ಮಾತು, ಎರಡನೆಯದು ಅವಳ ಮಕ್ಕಳನ್ನು ಎಣಿಸಿ ಹೇಳಿದ ಮಾತು.

ಮರುದಿನ ವಾರಗಿತ್ತಿಯನ್ನು ಕರೆದುಕೊಂಡು ಇನ್ನೊಬ್ಬ ಡಾಕ್ಟರಮ್ಮನ ಹತ್ತಿರ ಹೋದೆ. ವಯಸ್ಸಾದವರು, ಮಾತು ಕಡಿಮೆ. ಕಾಗದ ನೋಡಿದರು, ಪರೀಕ್ಷೆ ಮಾಡಿದರು, ರಕ್ತಕ್ಕೂ ಕ್ಯಾನ್ಸರ್ ಪರೀಕ್ಷೆಗೂ ಬರೆದುಕೊಟ್ಟರು. ನನ್ನ ವಾರಗಿತ್ತಿ ಅಲ್ಲಿಯೂ ‘ಖಾಲಿ ಚೀಲ ಅಲ್ವಾ ಮೇಡಂ’ ಎಂದಳು. ಅವರು ಕನ್ನಡಕ ತೆಗೆದು ಅವಳನ್ನೇ ನೋಡಿ, ಮೇಜಿನ ಮೇಲಿದ್ದ ಮಾಡೆಲ್ಲನ್ನು ಎರಡು ಹೋಳಾಗಿ ಬಿಚ್ಚಿ ತೋರಿಸಿದರು.

‘ಎಲ್ಲಿದೆಯಮ್ಮ ಚೀಲ? ನೋಡು. ತಲೆಕೆಳಗಾದ ಮರಸೇಬಿನಷ್ಟು. ಏಳೆಂಟು ಸೆಂಟಿಮೀಟರ್. ಇದೆಲ್ಲ ದಪ್ಪ ಮಾಂಸಖಂಡ. ನಡುವೆ ಒಂದು ಗೀರು ಇದೆಯಲ್ಲ, ಅಷ್ಟೇ. ಮುಂದಿನ ಗೋಡೆ ಹಿಂದಿನ ಗೋಡೆಗೆ ಒರಗಿಕೊಂಡಿರುತ್ತೆ. ಖಾಲಿ ಜಾಗವೇ ಇಲ್ಲ ಇಲ್ಲಿ.’

ಇಷ್ಟು ವಯಸ್ಸಾದರೂ ನನಗೂ ಅದು ಗೊತ್ತಿರಲಿಲ್ಲ. ಎರಡು ಮಕ್ಕಳನ್ನು ಹೆತ್ತಿದ್ದೇನೆ, ಆದರೆ ಮನಸ್ಸಿನಲ್ಲಿದ್ದ ಚಿತ್ರ ಗಾಳಿ ಹೋದ ಬಲೂನಿನದು. ಹೆಸರು ಆ ಚಿತ್ರವನ್ನು ಬರೆದುಬಿಟ್ಟಿತ್ತು. ಅವರು ಇನ್ನೂ ಹೇಳಿದರು. ಬಿಳಿ ಸೆರಗು ಬಹಳ ಸಲ ಸೋಂಕಿನಿಂದ ಬರುವುದು, ಮಾತ್ರೆಯಲ್ಲಿ ಹೋಗುತ್ತದೆ. ಹೆಚ್ಚು ರಕ್ತಸ್ರಾವಕ್ಕೆ ಮಾತ್ರೆಗಳಿವೆ, ಒಳಗೆ ಇಡುವ ಹಾರ್ಮೋನಿನ ಸಾಧನವಿದೆ. ಸಣ್ಣ ಗಡ್ಡೆಗಳು ಮುಟ್ಟು ನಿಲ್ಲುವ ಕಾಲಕ್ಕೆ ತಾವೇ ಕುಗ್ಗುವುದುಂಟು. ಆಪರೇಷನ್ನಿನಲ್ಲಿ ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದರೆ, ಮುಟ್ಟು ನಿಲ್ಲುವ ಕಾಲ ಒಂದೇ ದಿನದಲ್ಲಿ ಬಂದುಬಿಡುತ್ತದೆ. ಮೈಯೆಲ್ಲ ಬಿಸಿಯೇರುವುದು, ನಿದ್ದೆಗೆಡುವುದು ಶುರುವಾಗುತ್ತದೆ. ಮೂಳೆ ಸವೆಯುವ, ಹೃದಯಕ್ಕೆ ತೊಂದರೆಯಾಗುವ ಅಪಾಯ ಹೆಚ್ಚು. ಅಂಡಾಶಯ ಉಳಿಸಿದರೂ ಕೆಲವರಿಗೆ ಆ ಕಾಲ ಬೇಗ ಬರುತ್ತದೆ. ‘ಮೂವತ್ತೆಂಟಕ್ಕೆ ಯಾಕೆ ಮುದುಕಿಯಾಗ್ತೀಯ? ಮೊದಲು ರಿಪೋರ್ಟು ಬರಲಿ’ ಎಂದರು.

ರಿಪೋರ್ಟು ಬಂತು. ಕ್ಯಾನ್ಸರಿನ ಗುರುತಿಲ್ಲ. ಒಂದು ಸಣ್ಣ ಗಡ್ಡೆ ಇದೆ, ಸೋಂಕು ಇದೆ, ಮೈಯಲ್ಲಿ ರಕ್ತ ಬಹಳ ಕಡಿಮೆ ಇದೆ. ಮೂರು ಬಗೆಯ ಮಾತ್ರೆ, ಮೂರು ತಿಂಗಳು ಬಿಟ್ಟು ಮತ್ತೆ ತೋರಿಸಬೇಕು. ಆಗಲೂ ಹತೋಟಿಗೆ ಬರದಿದ್ದರೆ ಮುಂದಿನದು ಯೋಚಿಸೋಣ ಎಂದರು. ಯಾವ ಆಶ್ವಾಸನೆಯನ್ನೂ ಕೊಡಲಿಲ್ಲ. ಅದೇ ನನಗೆ ನಂಬಿಕೆ ತಂದದ್ದು.

ಸಂಜೆಯ ರೈಲಿಗೆ ಕಾಯುತ್ತ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತಿದ್ದಾಗ ಅವಳಿಗೆ ಬಸಿರು ಎಂಬ ಶಬ್ದದ ಕಥೆ ಹೇಳಿದೆ. ನಿಘಂಟು ಗಿಘಂಟು ಎಂದು ನಕ್ಕಾಳು ಎಂದುಕೊಂಡಿದ್ದೆ. ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮ ಹುಡುಗಿ ದೊಡ್ಡವಳಾದಾಗ ಅವಳು ಕೇಳಿದ್ದಳಕ್ಕ, ಇದು ಯಾಕಮ್ಮ ಬರುತ್ತೆ ಅಂತ. ಮುಂದೆ ಮಕ್ಕಳಾಗೋದಕ್ಕೆ ಅಂದೆ. ನನಗೆ ಮಕ್ಕಳು ಬೇಡ ಅಂದರೆ ನಿಲ್ಲಿಸಬಹುದಾ ಅಂದಳು. ಬಾಯಿ ಮುಚ್ಚು ಅಂದುಬಿಟ್ಟೆ’ ಎಂದಳು.

‘ಈಗ ಕೇಳಿದರೆ ಏನು ಹೇಳ್ತೀಯ?’ ಎಂದೆ.

‘ಅದೇ ಯೋಚಿಸ್ತಿದೀನಿ’ ಎಂದಳು.

ರೈಲು ಬಂತು. ಮಾತ್ರೆಯ ಕವರನ್ನು ರವಿಕೆಯೊಳಗೆ ಪರ್ಸಿನ ಜೊತೆ ಸಿಕ್ಕಿಸಿಕೊಂಡು, ಜನರ ನಡುವೆ ದಾರಿ ಮಾಡಿಕೊಂಡು ಹತ್ತಿದಳು. ಹಸುವನ್ನು ಈ ಸಲ ಮಾರುವುದಿಲ್ಲ ಎಂದು ಕಿಟಕಿಯಿಂದ ಕೂಗಿ ಹೇಳಿದಳು. ಒಂದು ತಿಂಗಳ ಮೇಲೆ ಫೋನು ಬಂತು. ರಕ್ತ ಹೋಗುವುದು ಪೂರ್ತಿ ನಿಂತಿಲ್ಲವಂತೆ, ಆರು ದಿನಕ್ಕೆ ಇಳಿದಿದೆಯಂತೆ. ಸೊಂಟದ ನೋವು ಹಾಗೇ ಇದೆಯಂತೆ, ಹುಳುವಿಗೆ ಸೊಪ್ಪು ಹಾಕಲು ದಿನವೂ ಬಗ್ಗಬೇಕಲ್ಲ. ಮಾತು ಮುಗಿಸುವ ಮೊದಲು, ‘ಹೊಟ್ಟೆ ಈಗ ಪರವಾಗಿಲ್ಲ ಕಣಕ್ಕ’ ಎಂದಳು. ಚೀಲ ಎನ್ನಲಿಲ್ಲ. ಅವಳು ಬೇಕೆಂದೇ ಹಾಗೆ ಹೇಳಿದಳೋ, ಬಾಯಿಗೆ ಬಂದದ್ದು ಬಂತೋ, ನಾನು ಕೇಳಲು ಹೋಗಲಿಲ್ಲ.